ಕಾಯದೆ ಬರೆದ ಸಾಲು

"ಉತ್ತರವೇ ಬರದಿದ್ರೆ ಏನಂತ ಬರೆಯೋದು?"

ಅವಳು ಯಾರನ್ನೂ ಕೇಳಿರಲಿಲ್ಲ. ಎದುರಿಗೆ ಇದ್ದದ್ದು ಪರದೆ, ತಣ್ಣಗಾದ ಟೀ, ಅರ್ಧ ಬರೆದ ಕೈಪಿಡಿ. ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂದಿತ್ತು, ಅಷ್ಟೇ.

"ಮುಚ್ಚಿದೆ ಅಂತ ಬರೀರಿ."

ಬೆನ್ನ ಹಿಂದಿನ ದನಿಗೆ ಬೆಚ್ಚಿ ತಿರುಗಿದಳು. ಆ ಕೈಪಿಡಿಯ ಸಾಧನವನ್ನು ಕಟ್ಟಿದ ಎಂಜಿನಿಯರ್ ನಿಂತಿದ್ದ. ನಡಿಗೆಯೂ ಓಟ, ಮಾತೂ ಓಟ. ಆಫೀಸಿನವರು ಅವನನ್ನು ಬಿರುಗಾಳಿ ಎನ್ನುತ್ತಿದ್ದರು. ಅವಳಿಗೆ ಇಟ್ಟ ಹೆಸರು ಮೌನಗೌರಿ. ಅವಳು ಕೆಲಸಕ್ಕೆ ಸೇರಿ ಎರಡು ವಾರವಾದರೂ ಇಬ್ಬರ ನಡುವೆ ಒಂದು ಮಾತೂ ಆಗಿರಲಿಲ್ಲ.

ಅವನು ಕಟ್ಟಿದ್ದು ಪೋರ್ಟ್ ಸ್ಕ್ಯಾನರ್. ಒಂದೊಂದು ಕಂಪ್ಯೂಟರಿಗೂ ಅರವತ್ತೈದು ಸಾವಿರಕ್ಕೂ ಹೆಚ್ಚು ಬಾಗಿಲುಗಳು, ಅವೇ ಪೋರ್ಟುಗಳು. ಈ ಸಾಧನ ಅಷ್ಟನ್ನೂ ಕೆಲವೇ ಕ್ಷಣಗಳಲ್ಲಿ ತಟ್ಟಿ, ಯಾವುದು ತೆರೆದಿದೆ, ಯಾವುದು ಮುಚ್ಚಿದೆ ಎಂದು ಹೇಳುತ್ತಿತ್ತು. ಬಳಸುವವರು ಮನುಷ್ಯರಲ್ಲ, ಒಪ್ಪಿಸಿದ ಕೆಲಸವನ್ನು ತಾವೇ ಮಾಡಿ ಮುಗಿಸುವ ಎಐ ಏಜೆಂಟ್‌ಗಳು. ಅವಳ ಕೈಪಿಡಿಯನ್ನು ಓದುವವರೂ ಅವೇ. ಮನುಷ್ಯರಾದರೆ ಅನುಮಾನ ಬಂದಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ಏಜೆಂಟ್ ಬರೆದದ್ದನ್ನು ಬರೆದಂತೆಯೇ ನಂಬುತ್ತದೆ.

"ನಿಧಾನದ ಯಂತ್ರ ಆಗಿದ್ರೆ? ಉತ್ತರ ಕೊಡೋಕೆ ಅದಕ್ಕೆ ಸ್ವಲ್ಪ ಹೊತ್ತು ಬೇಕಲ್ವಾ?"

"ಇದು ಕಾಯೋ ಸಾಧನ ಅಲ್ಲ ರೀ. ಸಂಜೆ ಬಿಡುಗಡೆ ಇದೆ."

ನಕ್ಕು ಹೋಗಿಬಿಟ್ಟ. ಅವಳ ಒಳಗೊಂದು ಮುಳ್ಳು ಆಡಿತು. ಆದರೂ ಅವನು ಹೇಳಿದಂತೆಯೇ ಬರೆದಳು: 'ಉತ್ತರ ಬರದ ಪೋರ್ಟ್ ಮುಚ್ಚಿದೆ ಎಂದು ತಿಳಿಯಿರಿ.'

ಕೈಪಿಡಿಯ ಪ್ರತಿ ಉದಾಹರಣೆಯನ್ನೂ ತಾನೇ ನಡೆಸಿ ನೋಡುವುದು ಅವಳ ಪದ್ಧತಿ. ಬಿಡುಗಡೆಯಾದ ಮೇಲೂ ಬಿಡಲಿಲ್ಲ. ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದಾಗ, ಸಾಧನದ ವೇಗ ತಗ್ಗಿಸಿ ಆಫೀಸಿನ ಯಂತ್ರಗಳನ್ನು ಒಂದೊಂದಾಗಿ ತಟ್ಟಿದಳು. ಸ್ಟೋರ್ ರೂಮಿನ ಹಳೆಯ ಯಂತ್ರವೊಂದು, ಬಹಳ ತಡವಾಗಿ, ಉತ್ತರ ಕೊಟ್ಟಿತು. ತೆರೆದು ನೋಡಿದರೆ 'ಅಪ್ಪ' ಎಂಬ ಫೋಲ್ಡರ್. ಒಳಗೆ ಇನ್ನೂರು ಧ್ವನಿಮುದ್ರಿಕೆಗಳು.

ಇಯರ್‌ಫೋನ್ ಹಾಕಿಕೊಂಡಳು. ಯಾರೋ ಮುದುಕರು ಪದ್ಯ ಓದುತ್ತಿದ್ದರು.

ಅವಳು ಅಜ್ಜಿಯ ಬಾಯಿಂದ ಪದ್ಯ ಕೇಳುತ್ತಲೇ ಬೆಳೆದವಳು. ಎದ್ದರೆ ಪದ್ಯ, ಮಲಗಿದರೆ ಪದ್ಯ. ಅಜ್ಜಿ ಹೋದ ಮೇಲೆ ಆ ಸುಖವೂ ಹೋಗಿತ್ತು. ಕಣ್ಣು ಮುಚ್ಚಿದಳು... ನಾಲ್ಕನೆಯ ಸಾಲಿನಲ್ಲಿ ಮುದುಕರಿಗೆ ಕೆಮ್ಮು ಬಂತು. ಮತ್ತೊಂದು ದನಿ, ತೀರ ಮೆಲ್ಲಗೆ: "ಸಾಕಪ್ಪ, ನೀರು ಕುಡಿ."

ಬಿರುಗಾಳಿಯ ದನಿ! ಆದರೆ ಅದರಲ್ಲಿ ಎಳ್ಳಷ್ಟೂ ಅವಸರವಿರಲಿಲ್ಲ.

ಅವನ ಅಪ್ಪ ತೀರಿಕೊಂಡು ಎರಡು ವರ್ಷವಾಯಿತೆಂದೂ, ಮನೆಯ ಕಂಪ್ಯೂಟರ್ ಕೆಟ್ಟಾಗ ಏನನ್ನೋ ತಂದು ಇಲ್ಲಿಟ್ಟನೆಂದೂ, ಇನ್ನೊಂದು ಪ್ರತಿ ಮಾಡಿಕೋ ಎಂದರೆ ನಾಳೆ, ನಾಳೆ ಎನ್ನುವನೆಂದೂ ಪಕ್ಕದ ಮೇಜಿನ ಅಕ್ಕ ಹೇಳಿದಳು.

ಅಂದಿನಿಂದ ದಿನವೂ ಊಟದ ಹೊತ್ತಿಗೆ ಕೇಳಿದಳು. ಹೇಳದೆ ಇನ್ನೊಬ್ಬರ ಮನೆ ಹೊಕ್ಕ ನಾಚಿಕೆ ಒಂದು ಕಡೆ, ಬಿಡಲಾರದ ಆಸೆ ಇನ್ನೊಂದು ಕಡೆ. ಅವನು ಎರಡು ಲೋಟ ಟೀ ಹಿಡಿದು ಅವಳ ಮೇಜಿನ ಬಳಿ ನಿಲ್ಲುವುದೂ ಆ ದಿನಗಳಲ್ಲೇ ರೂಢಿಯಾಯಿತು. ಒಮ್ಮೆ, ಕಿವಿಗೆ ಸಿಕ್ಕಿಸಿಕೊಂಡು ಏನು ಕೇಳುತ್ತೀರಿ ಎಂದು ವಿಚಾರಿಸಿದ. ಪದ್ಯ ಎಂದಳು. ಅವನ ಮುಖದಲ್ಲಿ ಏನೋ ಕದಲಿತು. ಅಷ್ಟರಲ್ಲಿ ಫೋನ್ ಬಂತು.

'ನಾಳೆ ಹೇಳಿಬಿಡ್ತೀನಿ' ಎಂದುಕೊಂಡಳು. ಅವಳಿಗೂ ನಾಳೆಯ ರೋಗ ಅಂಟಿತ್ತು.

ಅವಳು ಸೇರಿದ ಆರನೆಯ ತಿಂಗಳಲ್ಲಿ ಹಳೆಯ ಯಂತ್ರಗಳನ್ನು ವಿಲೇವಾರಿ ಮಾಡುವ ಆದೇಶ ಬಂತು. ಬಳಕೆಯಲ್ಲಿಲ್ಲದವನ್ನು ಹುಡುಕುವ ಕೆಲಸ ಒಂದು ಏಜೆಂಟ್‌ಗೆ ಬಿತ್ತು. ಅದು ಪೂರ್ತಿ ವೇಗದಲ್ಲಿ ತಟ್ಟಿತು. ಸ್ಟೋರ್ ರೂಮಿನ ಮುದಿ ಯಂತ್ರ ಉತ್ತರ ಕೊಡುವಷ್ಟರಲ್ಲಿ ಹೊತ್ತು ಮೀರಿತ್ತು. ಏಜೆಂಟ್ ಕೈಪಿಡಿ ನೋಡಿತು: ಉತ್ತರವಿಲ್ಲ ಎಂದರೆ ಮುಚ್ಚಿದೆ. ಎಲ್ಲವೂ ಮುಚ್ಚಿದೆ ಎಂದರೆ ಯಾರೂ ಬಳಸುತ್ತಿಲ್ಲ. ಆ ಯಂತ್ರವೂ ಪಟ್ಟಿಗೆ ಸೇರಿತು. ಅದೇ ಮಧ್ಯಾಹ್ನ ಅದರ ಡಿಸ್ಕ್ ಅಳಿಸಿದರು; ಇನ್ನೂರು ಧ್ವನಿಮುದ್ರಿಕೆಗಳೂ ಹೋದವು.

ತಪ್ಪು ಎಲ್ಲಾಯಿತೆಂದು ಹುಡುಕಲು ಕರೆದ ಮೀಟಿಂಗಿನಲ್ಲಿ ಮ್ಯಾನೇಜರ್ ಕೈಪಿಡಿಯ ಆ ಸಾಲನ್ನು ಗಟ್ಟಿಯಾಗಿ ಓದಿ, ಬರೆದವರು ಯಾರೆಂದು ಕೇಳಿದರು.

"ನಾನು," ಎಂದಳು.

ಅವನ ಕಡೆ ನೋಡಿದಳು. ಅವನು ಮೇಜನ್ನೇ ನೋಡುತ್ತಿದ್ದ. ಹಾಗೇ ಎದ್ದು ಹೋದ.

ಒಂಬತ್ತು ದಿನ ಆಫೀಸಿಗೆ ಬರಲಿಲ್ಲ. ಕ್ಷಮಿಸಿ ಎಂದು ಅವಳು ಕಳಿಸಿದ ಸಂದೇಶಕ್ಕೂ ಉತ್ತರವಿಲ್ಲ. ಅಷ್ಟರಲ್ಲಿ ಅವಳು ಕೈಪಿಡಿಯ ಸಾಲು ತಿದ್ದಿದಳು: 'ಉತ್ತರ ಬರದಿದ್ದರೆ, ಬಂದಿಲ್ಲ ಎಂದಷ್ಟೇ ಅರ್ಥ. ಕಾದು ಮತ್ತೆ ತಟ್ಟಿ.' ಬರೆದ ಅವಳೇ ಅದನ್ನು ತನಗೆ ಅನ್ವಯಿಸಿಕೊಳ್ಳಲಿಲ್ಲ. ಅವನ ಮನಸ್ಸು ಮುಚ್ಚಿತು ಎಂದೇ ತೀರ್ಮಾನಿಸಿ ರಾಜೀನಾಮೆ ಬರೆದಳು. ತಂಡದ ಮುಖ್ಯಸ್ಥ ಅವನೇ ಆದ್ದರಿಂದ ಅದಕ್ಕೆ ಅವನ ಸಹಿ ಬೇಕಿತ್ತು.

ಹತ್ತನೆಯ ದಿನ ಅವನು ಸ್ಟೋರ್ ರೂಮಿನಲ್ಲಿ, ಆ ಖಾಲಿ ಯಂತ್ರದ ಮುಂದೆ ಕೂತಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ಕಂಡದ್ದೇ ಎದ್ದು ನಿಂತ.

"ಮುಚ್ಚಿದೆ ಅಂತ ಬರೀರಿ ಅಂದಿದ್ದು ನಾನು. ಮೀಟಿಂಗಲ್ಲೇ ಹೇಳಬೇಕಿತ್ತು. ಬಾಯಿ ತೆಗೆದಿದ್ರೆ ಅಳು ಬರ್ತಿತ್ತು... ಈಗ ಮ್ಯಾನೇಜರಿಗೆ ಹೇಳಿ ಬಂದೆ. ನಿಮ್ಮ ಮುಖ ನೋಡೋಕೇ ನಾಚಿಕೆ ಆಗ್ತಿದೆ."

ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ನಿಮ್ಮಪ್ಪನ ಪದ್ಯ ನಾನೂ ಕೇಳ್ತಿದ್ದೆ. ದಿನಾ. ನಿಮ್ಮನ್ನ ಒಂದು ಮಾತೂ ಕೇಳದೆ."

ಅವನು ದಿಟ್ಟಿಸಿದ. ವಿವರಿಸುವ ಬದಲು ಅವಳು ಕಣ್ಣು ಮುಚ್ಚಿ ಮೊದಲ ದಿನ ಕೇಳಿದ ಪದ್ಯವನ್ನೇ ಎತ್ತಿಕೊಂಡಳು. ಮುದುಕರು ಎಳೆದಲ್ಲಿ ಎಳೆದಳು, ಉಸಿರು ತೆಗೆದುಕೊಂಡಲ್ಲಿ ತೆಗೆದುಕೊಂಡಳು. ನಾಲ್ಕನೆಯ ಸಾಲಿನಲ್ಲಿ, ಕೆಮ್ಮು ಬರುವ ಜಾಗಕ್ಕೆ ಬಂದು, ನಿಂತಳು.

ಆ ನಿಶ್ಶಬ್ದದಲ್ಲಿ, ತನಗರಿವಿಲ್ಲದೆ, ಅವನೇ ಅಂದ: "ಸಾಕಪ್ಪ, ನೀರು ಕುಡಿ."

ಅಂದವನೇ ಎರಡೂ ಕೈಯಲ್ಲಿ ಮುಖ ಮುಚ್ಚಿ ಬಿಕ್ಕಿದ. ಅವಳೂ ಅತ್ತಳು. ಹೋದ ದನಿ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಕಣ್ಣೊರೆಸಿಕೊಂಡು ಅವನು ಕೇಳಿದ, "ಎಷ್ಟು ಪದ್ಯ ಬರುತ್ತೆ ನಿಮಗೆ?"

"ಮೂವತ್ತೊಂದು. ಇನ್ನು ನಾಲ್ಕು ಅರ್ಧರ್ಧ."

"ಇನ್ನೂರಿದ್ವು," ಎಂದ. ಆಮೇಲೆ, "ನನಗೆ ಒಂದೂ ಪೂರ್ತಿ ಬರಲ್ಲ. ಅವಸರ ನೋಡಿ ನನಗೆ."

"ಆ ನೀರು ಕುಡಿ ಅನ್ನೋ ದನಿ ಕೇಳಿದಾಗಿಂದಲೇ ನಾನು..."

ಅವಳು ಅಲ್ಲಿಗೇ ನಿಲ್ಲಿಸಿ ರಾಜೀನಾಮೆಯ ಕಾಗದ ಚಾಚಿದಳು. "ಸಹಿ ಹಾಕಿಕೊಡಿ. ನಾನು ಕಣ್ಣಿಗೆ ಬಿದ್ದಾಗೆಲ್ಲ ನಿಮಗೆ ಅಪ್ಪನ ದನಿ ಹೋದದ್ದೇ ನೆನಪಾಗುತ್ತೆ."

ಬಿರುಗಾಳಿ ಈ ಸಲ ಅವಸರ ಮಾಡಲಿಲ್ಲ. ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ನಿಧಾನವಾಗಿ ನಾಲ್ಕಾಗಿ ಮಡಚಿದ. ಅವಳ ಅಂಗೈಯಲ್ಲಿಟ್ಟು, ಬೆರಳು ಮುಚ್ಚಿ, ಆ ಕೈಯನ್ನು ಹಾಗೇ ಹಿಡಿದುಕೊಂಡ.

"ಹೌದು, ಅಪ್ಪನ ದನಿಯೇ ನೆನಪಾಗುತ್ತೆ. ಅದಕ್ಕೇ ಸಹಿ ಹಾಕಲ್ಲ."