ಮಸಗುಪ್ಪಿ ಸ್ಟಾಪಿನ ಒಂಟಿ ಚುಕ್ಕಿ

ಕಸ್ತೂರಿ ಬಸ್ಸು ಹತ್ತಿದ ಕೂಡಲೇ ಗಡಿಯಾರ ನೋಡುತ್ತಿದ್ದಳು. ಆಮೇಲೆ ನನ್ನ ಮುಖ ನೋಡುತ್ತಿದ್ದಳು. ಆಮೇಲೆ ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದಳು. ಒಂದು ದಿನದ ಮಾತಾಗಿದ್ದರೆ ಬಿಡುತ್ತಿದ್ದೆ. ಎರಡು ತಿಂಗಳು ಇದೇ ನಡೆಯಿತು.

ನಾನು ಮೂಡಲಗಿ–ಗೋಕಾಕ ಬಸ್ಸಿನ ಕಂಡಕ್ಟರ್ ಗುರುಪಾದ. ವಯಸ್ಸು ನಲವತ್ನಾಲ್ಕು. ತಂಗಿಯರ ಮದುವೆ ಮುಗಿಸುವಷ್ಟರಲ್ಲಿ ನನ್ನದು ಉಳಿದುಹೋಯಿತು. ನನಗೆ ಸಿಟ್ಟು ಜಾಸ್ತಿ ಎನ್ನುತ್ತಾರೆ. ಇರಬಹುದು. ಕೆಲಸದಲ್ಲಿ ಮೋಸ ಇಲ್ಲ.

ಅವಳು ಮಸಗುಪ್ಪಿಯಲ್ಲಿ ಹತ್ತುತ್ತಿದ್ದಳು. ಗೋಕಾಕದ ಒಂದು ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್. ಗಂಡ ತೀರಿಕೊಂಡು ಎಂಟು ವರ್ಷ. ಹೆಂಗಸರ ಪುಕ್ಕಟೆ ಟಿಕೆಟ್ಟನ್ನು ಎಲ್ಲರೂ ಮುದ್ದೆ ಮಾಡಿ ಎಸೆದರೆ, ಇವಳು ಮಾತ್ರ ಎರಡು ಬೆರಳಲ್ಲಿ ಹಿಡಿದು, ನೀಟಾಗಿ ಮಡಚಿ ನೋಟ್‌ಬುಕ್ಕಿನಲ್ಲಿ ಇಡುತ್ತಿದ್ದಳು. ಇಡುವಾಗ ರೆಪ್ಪೆ ಎತ್ತಿ ಒಮ್ಮೆ ನನ್ನ ಕಡೆ ನೋಡುವಳು. ಆ ನೋಟಕ್ಕೆ ನಾನು ಮುಂದಿನವರಿಗೆ ಟಿಕೆಟ್ ಕೊಡುವುದನ್ನೇ ಮರೆಯುತ್ತಿದ್ದೆ.

ಕೆಲವು ದಿನ ಅವಳು ತಡವಾಗಿ ಬರುತ್ತಿದ್ದಳು. ಒಂದು ಕೈಯಲ್ಲಿ ನಿರಿಗೆ, ಇನ್ನೊಂದು ಕೈಯಲ್ಲಿ ಡಬ್ಬಿ, ಓಣಿಯ ತಿರುವಿನಿಂದ ಓಡುತ್ತ. ಆಗ ನಾನು ಡ್ರೈವರ್ ಲಕ್ಕಪ್ಪನಿಗೆ ಹೇಳುತ್ತಿದ್ದೆ, "ಸ್ವಲ್ಪ ತಡೀಪಾ, ಹಿಂದಿನ ಬಾಗಿಲಾ ಸರಿ ಮುಚ್ಚವಲ್ದು."

ಲಕ್ಕಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿ ಮೀಸೆ ತಿರುವುವನು. "ಈ ಬಾಗಿಲಾ ಮಸಗುಪ್ಪಿಯಾಗ ಅಷ್ಟ ಕೆಡತೈತಿ ನೋಡ."

ಹೀಗಿರುವಾಗ ಡಿಪೋದಿಂದ ನನಗೆ ನೋಟಿಸು ಬಂತು. ಬೆಳಗಿನ ಬಸ್ಸು ಮಸಗುಪ್ಪಿಯಲ್ಲಿ ಹೊತ್ತು ಕಳೆಯುತ್ತಿದೆ, ಇನ್ನೊಮ್ಮೆ ಹೀಗಾದರೆ ನಿನ್ನನ್ನು ಹುಕ್ಕೇರಿ ರೂಟಿಗೆ ಹಾಕುತ್ತೇವೆ ಎಂದಿತ್ತು.

ಹುಕ್ಕೇರಿಗೆ ನಾನು ಹೆದರಲಿಲ್ಲ. ಮಸಗುಪ್ಪಿ ತಪ್ಪಿದರೆ ಅವಳನ್ನು ನೋಡುವುದು ತಪ್ಪುತ್ತದೆ. ಹೆದರಿದ್ದು ಅದಕ್ಕೆ. ಆದರೆ ನೋಟಿಸಿನಲ್ಲಿದ್ದ ತಾರೀಖು, ನಿಮಿಷ ಓದುತ್ತ ಹೋದಂತೆ ತಲೆಗೆ ಒಂದೇ ಸಂಶಯ ಹೊಕ್ಕಿತು. ಇಷ್ಟು ಲೆಕ್ಕ ಇಟ್ಟವರು ಯಾರು? ಗಡಿಯಾರ ನೋಡುವವಳು ಯಾರು? ಟಿಕೆಟ್ ಕೂಡಿಡುವವಳು ಯಾರು?

ನಾನು ಯಾರಿಗಾಗಿ ಬಸ್ಸು ನಿಲ್ಲಿಸಿದೆನೋ ಅವಳೇ ನನ್ನ ಮೇಲೆ ಬರೆದು ಕೊಟ್ಟಳು ಎಂದುಕೊಂಡೆ. ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ತಿರುವಿನಲ್ಲಿ ಅವಳ ನೀಲಿ ಸೀರೆ ಕಂಡಿತು. ಕೈ ಎತ್ತಿದಳು. ನಾನು ಅವಳನ್ನೇ ನೋಡುತ್ತ ಸೀಟಿ ಊದಿದೆ. ಬಸ್ಸು ಹೊರಟಿತು. ಅವಳು ಧೂಳಿನಲ್ಲಿ ನಿಂತಳು, ಎತ್ತಿದ ಕೈ ಹಾಗೇ ಇತ್ತು.

ಲಕ್ಕಪ್ಪ ಅಂದ, "ಇವತ್ತ ಬಾಗಿಲಾ ಛಲೋ ಮುಚ್ಚೇತಿ." ನಾನು ಟಿಕೆಟ್ ಕೊಡಲು ಹಿಂದಕ್ಕೆ ಹೋದೆ.

ಅದರ ಮರುದಿನ ಅವಳು ಹೊತ್ತಿಗೆ ಸರಿಯಾಗಿ ಹತ್ತಿದಳು, ಕಾಯಿಪಲ್ಯೆ ಮಾರುವ ಇಂದ್ರವ್ವನ ಬಾಜೂ ಕೂತು ನೋಟ್‌ಬುಕ್ ತೆಗೆದಳು. ನನಗೆ ತಡೆಯಲಾಗಲಿಲ್ಲ.

"ಏನ ಬರಿಯಾಕತ್ತೀರಿ? ಕೊಡ್ರಿ ಇಲ್ಲಿ. ನನ್ನ ಹುಕ್ಕೇರಿಗೆ ಅಟ್ಟೂದನ್ನ ನಾನೂ ಒಂದಿಷ್ಟ ಓದತೇನಿ."

"ಯಾರು ಅಟ್ಟತಾರ್ರಿ?"

"ನೋಟಿಸ್ ಬಂದೈತಿ. ಗೊತ್ತಿಲ್ಲದವರಂಗ ಮಾಡಬ್ಯಾಡ್ರಿ."

ಅವಳ ಮುಖ ಇಳಿಯಿತು. ನೋಟ್‌ಬುಕ್ ನನ್ನ ಕೈಯಲ್ಲಿಟ್ಟಳು.

ಮೇಲೆ ದೊಡ್ಡ ಅಕ್ಷರದಲ್ಲಿ 'ಸಂಖ್ಯಾಶಾಸ್ತ್ರ: ಚಲಕಗಳು ಮತ್ತು ನಕ್ಷೆಗಳು' ಎಂದಿತ್ತು. ಅವಳು ಮನೆಯಲ್ಲೇ ಓದಿ ಡಿಗ್ರಿ ಪರೀಕ್ಷೆಗೆ ಕಟ್ಟಿದ್ದಳಂತೆ. ನಲವತ್ತು ದಿನ ಒಂದೇ ವಿಷಯ ಗಮನಿಸಿ ಬರೆಯಲು ಪಾಠ ಹೇಳುವ ಸರ್ ಹೇಳಿದ್ದರಂತೆ. ಅವಳು ಬಸ್ಸು ಆರಿಸಿಕೊಂಡಿದ್ದಳು.

"ಕಿಡಕಿ ಬಾಜೂ ಯಾರು ಕೂತಾರ, ಗಂಡಸೋ ಹೆಂಗಸೋ, ಇದು ಗುಣಾ. ಇದನ್ನ ಅಳಿಯಾಕ ಬರೂದಿಲ್ಲ," ಎಂದು ಬೆರಳಿಟ್ಟು ತೋರಿಸಿದಳು. "ನಿಂತವರು ಎಷ್ಟ ಮಂದಿ, ಇದು ಎಣಿಕಿ. ಅರ್ಧಾ ಮನಶ್ಯಾ ನಿಂದ್ರಾಕ ಬರೂದಿಲ್ಲಲ್ಲ. ಬಸ್ಸು ಎಷ್ಟ ಹೊತ್ತು ನಿಂತಿತು, ಇದು ಅಳತಿ. ಟಿಕೆಟ್ ಮ್ಯಾಲೆ ಟೈಮ್ ಇರತೈತಿ, ಅದಕ್ಕ ಇಟ್ಟೇನಿ."

ಕೆಳಗೆ ಇನ್ನೊಂದು ಸಾಲು. 'ಕಂಡಕ್ಟರ್ ಸಿಟ್ಟು: 1 ಶಾಂತ, 2 ಗರಂ, 3 ಬೆಂಕಿ. ಸರಾಸರಿ 2.4.' ಅದರ ಮೇಲೆ ಕೆಂಪು ಗೆರೆ ಎಳೆದು ಸರ್ ಬರೆದಿದ್ದರು: 'ಈ ಅಂಕಿಗಳು ಬರೀ ಕ್ರಮ, ಅಳತೆಯಲ್ಲ. ಸಿಟ್ಟಿಗೆ ಸರಾಸರಿ ತೆಗೆಯಬೇಡಿ. ಕಂಬದ ನಕ್ಷೆ ಬರೆಯಿರಿ.' ಪಕ್ಕದಲ್ಲಿ ಮೂರು ಕಂಬ. ಬೆಂಕಿಯ ಕಂಬ ಎಲ್ಲಕ್ಕಿಂತ ಎತ್ತರ.

ಇಂದ್ರವ್ವ ಇಣುಕಿ ನೋಡಿದಳು. "ಅದ ಇನ್ನಾ ಸಣ್ಣದಾತು ಬಿಡವಾ."

ನನಗೆ ನಗು ಬರಲಿಲ್ಲ. "ಮತ್ತ ನೋಟಿಸ್?"

ಮುಂದಿನಿಂದ ಲಕ್ಕಪ್ಪ ಕೂಗಿದ, "ನಿನ್ನ ಟಿಕೆಟ್ ಮಶೀನೇ ಡಿಪೋಕ್ಕ ಟೈಮ್ ಕಳಸತೈತಿ. ಹಿಂದಿನ ವಾರ ಸಾಹೇಬ್ರು ನನಗ ಹೇಳ್ಯಾರ. ಕೇಳಿದ್ದರ ಹೇಳತಿದ್ದೆ. ನೀನು ಕೇಳೂ ಪೈಕಿ ಅಲ್ಲ."

ನನ್ನ ಸೊಂಟಕ್ಕೆ ಕಟ್ಟಿಕೊಂಡ ಮಶೀನು. ನಾನು ಸಂಶಯಪಟ್ಟಿದ್ದು ಇವಳ ಮೇಲೆ.

ಕಸ್ತೂರಿ ಕೊನೆಯ ಪುಟ ತಿರುವಿದಳು. ಚುಕ್ಕಿ ಚುಕ್ಕಿ ಇಟ್ಟ ನಕ್ಷೆ. ಅಡ್ಡಗೆರೆಯ ಮೇಲೆ ಅವಳು ಎಷ್ಟು ನಿಮಿಷ ತಡ, ಉದ್ದಗೆರೆಯ ಮೇಲೆ ಬಸ್ಸು ಎಷ್ಟು ನಿಮಿಷ ನಿಂತಿತು. ಅವಳು ಒಂದು ನಿಮಿಷ ತಡವಾದರೆ ಬಸ್ಸು ಒಂದು ನಿಮಿಷ. ಮೂರಾದರೆ ಮೂರು. ಚುಕ್ಕಿಗಳು ಏಣಿ ಹತ್ತಿದ ಹಾಗೆ ಹತ್ತಿದ್ದವು. ನಾನು ಯಾರಿಗೂ ಹೇಳದ ಮಾತು ಕಾಗದದ ಮೇಲೆ ಬಿದ್ದಿತ್ತು.

"ಹತ್ತ ದಿನಾ ಬೇಕಂತ ತಡಾ ಮಾಡೇನ್ರಿ," ಅಂದಳು. ತಲೆ ಎತ್ತಲಿಲ್ಲ.

"ಬೇಕಂತ?" ಕಿವಿ ಬಿಸಿಯಾದವು. "ನನ್ನ ನೌಕರಿ ಏನು ನಿಮ್ಮ ಲ್ಯಾಬಿನಾಗಿನ ಕಪ್ಪೆ ಏನ್ರಿ?"

"ನೋಟಿಸ್ ಬರತೈತಿ ಅಂತ ಗೊತ್ತಿರಲಿಲ್ಲ. ನನಗೂ ನಿಮ್ಮ ಮ್ಯಾಲೆ ಸಂಶೆ ಇತ್ತು. ಎಲ್ಲಾರಿಗೂ ಹಿಂಗ ನಿಂದರತಾರೋ, ನನಗಷ್ಟ ನಿಂದರತಾರೋ ಅಂತ. ಬ್ಯಾರೆದವರು ಓಡಿ ಬಂದ ದಿನಾನೂ ಬರದೇನಿ. ಅವರಿಗೆ ನೀವು ಒಂದ ನಿಮಿಷಾನೂ ನಿಂತಿಲ್ಲ."

ಇಂದ್ರವ್ವ ಕೊತ್ತಂಬರಿ ಬುಟ್ಟಿ ಎತ್ತಿಕೊಂಡು ಹಿಂದಿನ ಸೀಟಿಗೆ ಹೋದಳು. "ಖರೆ ಐತಿ. ನಂಗ ನಿಂತಿಲ್ಲ," ಎಂದು ಹೇಳಿಯೇ ಹೋದಳು.

ಏಣಿಯಿಂದ ದೂರ, ತಳದಲ್ಲಿ ಒಂದೇ ಒಂದು ಚುಕ್ಕಿ ಇತ್ತು. ಅವಳು ಎರಡು ನಿಮಿಷ ತಡ, ಬಸ್ಸು ಸೊನ್ನೆ. ನಿನ್ನೆಯ ದಿನ.

"ಹಿಂಗ ಒಂದ ಚುಕ್ಕಿ ಒಂಟಿ ಬಿದ್ದರ ಅಳಿಸಬಾರದಂತ. ಕಾರಣಾ ಕೇಳಿ ಬರೀಬೇಕಂತ." ಈಗ ತಲೆ ಎತ್ತಿದಳು. ಕಣ್ಣು ತುಂಬಿದ್ದವು, ಆದರೂ ನೋಟ ಕದಲಲಿಲ್ಲ. "ಏನ ಬರೀಲಿ?"

ನಾನು ಕಿವಿಯ ಮೇಲಿನ ಪೆನ್ನು ತೆಗೆದೆ. ಹಳ್ಳಿ ಸಾಲಿಯ ದಪ್ಪ ಅಕ್ಷರದಲ್ಲಿ ಆ ಚುಕ್ಕಿಯ ಬಾಜೂ ನಾನೇ ಬರೆದೆ: 'ಈ ದಿನ ಸಂಶಯಪಟ್ಟೆ. ತಪ್ಪು ನನ್ನದು. ಉಳಿದ ದಿನ ಕಾದದ್ದು ಪ್ರೀತಿಗೆ. ಕಸ್ತೂರಿ ಒಪ್ಪಿದರೆ ಮದುವೆ ಆಗುತ್ತೇನೆ. ಗುರುಪಾದ.'

ಅವಳು ಎರಡು ಸಲ ಓದಿದಳು.

"ಇದನ್ನ ಸರ್‌ಗೆ ಕೊಡಬೇಕ್ರಿ."

"ಕೊಡ್ರಿ. ಸುಳ್ಳ ಬರದಿಲ್ಲ."

ಗೋಕಾಕ ಬರುತ್ತಲೇ ಅವಳು ನೋಟ್‌ಬುಕ್ ಮುಚ್ಚಿ ಎದ್ದಳು. ಇಳಿದು ಹೋದಳು. ಹಿಂತಿರುಗಿ ನೋಡಲಿಲ್ಲ. ಒಪ್ಪಿಲ್ಲ ಎಂದುಕೊಂಡೆ. ಆ ದಿನ ಸಂಜೆಯವರೆಗೆ ನನ್ನ ಬಾಯಿಗೆ ಸಿಕ್ಕವರೆಲ್ಲ ಬೈಸಿಕೊಂಡರು.

ಮರುದಿನ ಮಸಗುಪ್ಪಿ ತಿರುವಿನಲ್ಲಿ ಯಾರೂ ಓಡುತ್ತಿರಲಿಲ್ಲ. ನಾನು ಬಾಗಿಲಿನಿಂದ ಹೊರಗೆ ಬಾಗಿ ನೋಡಿದೆ. ಸ್ಟಾಪು ಹತ್ತಿರವಾದಾಗ ಕಂಡಿತು. ಅವಳು ಕಲ್ಲಿನ ಮೇಲೆ ಕೂತಿದ್ದಳು, ತೊಡೆಯ ಮೇಲೆ ಡಬ್ಬಿ. ಹತ್ತುವಾಗ ಟಿಕೆಟ್ಟಿನ ಜೊತೆ ನನ್ನ ಬೆರಳೂ ಹಿಡಿದಳು.

"ಎಷ್ಟೊತ್ತಾತು ಬಂದು?" ಅಂದೆ.

"ಇಪ್ಪತ್ತ ನಿಮಿಷ. ಇನ್ನ ಮ್ಯಾಲೆ ಕಾಯೂದು ನನ್ನ ಪಾಳಿ."