ಕಟ್ಟಿಗೆಯ ಗೊರವಂಕ ಹೇಳಿದ ಒಡಪು

ಹಿಂದೆ, ಬೆಟ್ಟದ ಮಂಜು ಇಳಿದುಬಂದು ಹಗಲಿಡೀ ಬೀದಿಯಲ್ಲಿ ಅಡ್ಡಾಡುತ್ತಿದ್ದ ಕಾಲದಲ್ಲಿ, ಹಾಲ್ಗೆರೆ ಎಂಬ ಒಂದು ರಾಜ್ಯವಿತ್ತು. ಅಲ್ಲಿಗೆ ಕಂಡಾಳ ಎಂಬ ಮಂತ್ರವಾದಿ ಬಂದು ಮನೆಗೊಂದರಂತೆ ಕಟ್ಟಿಗೆಯ ಗೊರವಂಕ ಹಂಚಿದ. ಪುಕ್ಕಟೆ! ಪುಕ್ಕಟೆ ಅಂದರೆ ಯಾರು ಬಿಡುತ್ತಾರೆ? ಆ ಹಕ್ಕಿ ಕಾಗದ ಬರೆಯುತ್ತಿತ್ತು, ಹಾಡು ಕಟ್ಟುತ್ತಿತ್ತು, ಇವತ್ತು ಯಾವ ಸಾರು ಮಾಡಲಿ ಎಂದರೆ ಅದನ್ನೂ ಹೇಳುತ್ತಿತ್ತು. ಜಗಳ ಬಂದರೆ ಎರಡೂ ಮನೆಯವರು ತಂತಮ್ಮ ಹಕ್ಕಿಯನ್ನು ಕಟ್ಟೆಯ ಮೇಲೆ ಕೂರಿಸಿ, ತಾವು ಒಳಗೆ ಹೋಗಿ ಮಲಗುತ್ತಿದ್ದರು. ರಾಜನೂ ಅಷ್ಟೇ. ನ್ಯಾಯ ಹೇಳುವಾಗ ಹಕ್ಕಿಯ ಕಡೆ ತಿರುಗಿ "ಹೂಂ, ಅದೇ" ಎನ್ನುತ್ತಿದ್ದ.

ಆದರೆ ಒಂದು ಗುಟ್ಟಿತ್ತು. ಹಕ್ಕಿ ನಿಮ್ಮ ಬದಲು ಒಂದು ಮಾತಾಡಿದರೆ ನಿಮ್ಮ ಬಾಯಿಂದ ಒಂದು ಮಾತು ಹಾರಿಹೋಗುತ್ತಿತ್ತು. ಬೆಟ್ಟದ ಮೇಲಿನ ಕಂಡಾಳನ ಅರಮನೆಗೆ ಅದೇ ಇಟ್ಟಿಗೆ. ಅರಮನೆ ದಿನಕ್ಕೊಂದು ಅಂತಸ್ತು ಏಳುತ್ತಿದ್ದರೂ ಯಾರೂ ಏನೂ ಕೇಳಲಿಲ್ಲ.

ಆ ನಾಡಿನಲ್ಲಿ ಹೆಂಡತಿ ಗಂಡನನ್ನು ಹೆಸರು ಹಿಡಿದು ಕರೆಯುವಂತಿರಲಿಲ್ಲ. ಮದುವೆಯಾಗಿ ಬಂದ ದಿನ ಹೊಸ್ತಿಲಲ್ಲಿ ನಿಂತು ಒಂದು ಒಡಪು ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ನಿಂಬೆವ್ವ ಎಂಬ ಹುಡುಗಿ ಮಾಳಿಂಗನ ಕೈಹಿಡಿದು ಬಂದಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಂತರು. "ಹೆಸರು ಹೇಳು ವೈನಿ, ಹೇಳಿದರೆ ಒಳಗೆ!" ನಿಂಬೆವ್ವ ನಾಚಿ ತನ್ನ ಗೊರವಂಕವನ್ನು ಮುಂದೆ ಹಿಡಿದಳು. ಅದು ರಾಗವಾಗಿ ಹೇಳಿತು:

"ಚಂದ್ರನ ತಟ್ಟೆಯಲಿ ಮುತ್ತಿನ ಆರತಿ,
ಮಾಳಿಂಗರಾಯರಿಗೆ ನಾನೇ ಒಡತಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿಯುವುದರೊಳಗೆ ಮಾಳಿಂಗ ಮಸುಕಾಗುತ್ತ, ಮಂಜಾಗುತ್ತ, ಇಲ್ಲವಾದ. ಬಾಸಿಂಗ ಮಾತ್ರ ನೆಲಕ್ಕೆ ಬಿತ್ತು.

ಆ ತಿಂಗಳು ಹೀಗೆ ಕರಗಿದ ಏಳನೆಯ ಮದುಮಗ ಅವನು. ಆರು ಮಂದಿ ಹೋದ ಮೇಲಾದರೂ ಯಾಕೆ ಎಂದು ಯೋಚಿಸಬಾರದಿತ್ತೇ? ಯೋಚಿಸುವ ಕೆಲಸವನ್ನೂ ಹಕ್ಕಿಗಳಿಗೇ ಒಪ್ಪಿಸಿದ್ದರಲ್ಲ, ಮಹಾನುಭಾವರು! "ಗಾಳಿ ಬದಲಾಗಿದೆ" ಎಂದಿದ್ದವು ಹಕ್ಕಿಗಳು. "ಹೂಂ, ಅದೇ" ಎಂದಿದ್ದರು ಜನ.

ಹಕ್ಕಿ ನಿಂಬೆವ್ವನ ತೊಡೆಯೇರಿ ಶೋಕದ ಹಾಡು ಶುರುಮಾಡಿತು. ಅದೆಷ್ಟು ಚೆನ್ನಾಗಿತ್ತೆಂದರೆ ಕೇಳಲು ಬೀದಿಯವರೆಲ್ಲ ಬಂದರು. ನಿಂಬೆವ್ವನಿಗೆ ಮೈಯೆಲ್ಲ ಉರಿಯಿತು. "ನನ್ನ ಅಳೂನೂ ನೀನೇ ಅಳ್ತೀಯೇನು?" ಎಂದು ಅದನ್ನು ಕೆಳಗೆ ತಳ್ಳಿ, ಗೊಳೋ ಎಂದು ಅತ್ತಳು.

ಅತ್ತೆ ಚಿನ್ನವ್ವ ಮೊದಲಿನಿಂದಲೂ ಮೊಂಡು. ತನ್ನ ಪಾಲಿನ ಹಕ್ಕಿಯನ್ನು ಕೋಳಿಬುಟ್ಟಿಯಡಿ ಕವುಚಿಟ್ಟಿದ್ದಳು. ಹಾಗಾಗಿ ಮಾತುಗಳು ಬೆಟ್ಟದ ಕಡೆ ಹಾರುವುದು ಅವಳೊಬ್ಬಳ ಕಣ್ಣಿಗೆ ಬಿದ್ದಿತ್ತು. ಸೊಸೆಯ ಕಣ್ಣೊರೆಸಿ ಹೇಳಿದಳು: "ಅಳು ಬಂತಲ್ಲ ತಂಗಿ, ನಿನ್ನ ಬಾಯಾಗ ಇನ್ನೂ ಮಾತು ಉಳದಾವ. ಹಕ್ಕಿ ಹೇಳಿದ ಹೆಸರಿನ ಕೂಡ ಅವನೂ ಬೆಟ್ಟದ ಅರಮನಿಗೆ ಹಾರಿ ಇಟ್ಟಂಗಿ ಆಗ್ಯಾನ. ಆ ಅರಮನಿಗೆ ಮೂರು ಹೊಸ್ತಿಲು. ಮೂರರಾಗೂ ನೀನೇ ಹೆಸರು ಹೇಳು, ಅವ ಬರ್ತಾನ."

"ತಪ್ಪಿದರೆ, ಅತ್ತಿ?"

"ತಪ್ಪಿದರೆ ಅವ ಇಟ್ಟಂಗಿ ಆಗೇ ಉಳೀತಾನ."

ನಿಂಬೆವ್ವ ಬೆಟ್ಟಕ್ಕೆ ಹೊರಟಳು. ಮೋಡಗಳು ಒಂದೊಂದಾಗಿ ಬಂದು ಕಾಲಡಿ ಮೆಟ್ಟಿಲಾದವು. ಮೇಲೆ ಹೊತ್ತು ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಬೆಳಕು ತಿಳಿಮಜ್ಜಿಗೆಯ ಹಾಗೆ ಹರಡಿಕೊಂಡಿತ್ತು. ಗೊರವಂಕ ಹೆಗಲೇರಿ ಕೂತಿತ್ತು, ಇಳಿಸಿದರೂ ಇಳಿಯಲಿಲ್ಲ.

ಮೊದಲ ಹೊಸ್ತಿಲಲ್ಲಿ ನೀರಿನ ಕೇಸರವುಳ್ಳ ಕಲ್ಲಿನ ಸಿಂಹ. "ಹೆಸರು ಹೇಳು, ಒಳಗೆ ಬಾ."

"ನಾನು ಹೇಳಲೇ? ನೂರು ಬಗೆ ಇವೆ" ಎಂದಿತು ಹಕ್ಕಿ. ನಿಂಬೆವ್ವ ಅದರ ಕೊಕ್ಕು ಅದುಮಿ ಹಿಡಿದಳು. "ಒಲೆಯ ಮೇಲೆ ಹಾಲು ಉಕ್ಕಿತು... ಅದೇನೋ ಆಯಿತು... ಮಾಳಿಂಗರಾಯರು."

"ಪ್ರಾಸ ಎಲ್ಲಿ?"

"ಇಲ್ಲ."

"ಹಾಲಿಗೂ ನಿನ್ನ ಗಂಡನಿಗೂ ಏನು ಸಂಬಂಧ?"

"ಗೊತ್ತಿಲ್ಲಪ್ಪ. ಹೊಳೀತು, ಹೇಳಿದೆ."

"ಇಷ್ಟು ಕೆಟ್ಟ ಒಡಪು ಬೇರೆ ಯಾರದೂ ಇರಲಿಕ್ಕಿಲ್ಲ. ನಿನ್ನದೇ, ಹೋಗು" ಎಂದು ಸಿಂಹ ಸರಿಯಿತು.

ಎರಡನೆಯ ಹೊಸ್ತಿಲಲ್ಲಿ ಬಿಳಿ ಜಿಂಕೆ. ಅದರ ಕೊಂಬಿನ ತುದಿಗಳಲ್ಲಿ ದೀಪ ಉರಿಯುತ್ತಿದ್ದವು. "ಹೆಸರು ಹೇಳು, ಒಳಗೆ ಬಾ." ನಿಂಬೆವ್ವ ಕಣ್ಣು ಮುಚ್ಚಿದಳು. ತವರುಮನೆಯ ಚಾಪೆ ಕಂಡಿತು, ಅವಲಕ್ಕಿ ತಟ್ಟೆ ಹಿಡಿದ ಒಬ್ಬ ಹುಡುಗ ಕಂಡ.

"ಹೆಣ್ಣು ನೋಡಾಕ ಬಂದು ಅವಲಕ್ಕಿ ಚೆಲ್ಲಿದರು,
ಮಾಳಿಂಗರಾಯರು ಹೆಕ್ಕಿ ಹೆಕ್ಕಿ ತಿಂದರು!"

ಜಿಂಕೆ ಕಿಸಕ್ಕನೆ ನಕ್ಕಿತು, ದೀಪಗಳೆಲ್ಲ ಅಲುಗಿದವು. ನಿಂಬೆವ್ವನಿಗೂ ನಗು ತಡೆಯಲಾಗಲಿಲ್ಲ.

ಮೂರನೆಯ ಹೊಸ್ತಿಲಲ್ಲಿ ಕಂಡಾಳನೇ ಕೂತಿದ್ದ. ಅವನ ದನಿ ಬಲು ಮೆತ್ತಗಿತ್ತು. "ದಣಿದಿದ್ದೀಯ ತಾಯಿ. ಎರಡು ಹೇಳಿದ್ದು ಸಾಕು, ಮೂರನೆಯದನ್ನು ಹಕ್ಕಿಗೆ ಬಿಡು. ಜಗತ್ತಿನಲ್ಲೇ ಚೆಂದದ್ದು ಹೇಳಿಸುತ್ತೇನೆ."

ನಿಂಬೆವ್ವ ಮೂರನೆಯ ಒಡಪಿಗೆ ಮಾತು ಹುಡುಕಿದಳು. ಬಹಳ ಹೊತ್ತು ಕೂತ ಕಾಲು ಜೋಮು ಹಿಡಿದಂತೆ ತಲೆಯೊಳಗೆ ಚುಚ್ಚತೊಡಗಿತು. ಹಕ್ಕಿ ಕಿವಿಯಲ್ಲಿ ಮಲ್ಲಿಗೆ ಎಂದಿತು, ಮುತ್ತು ಎಂದಿತು, ಹುಣ್ಣಿಮೆ ಎಂದಿತು. ಗೋಡೆಯ ಒಳಗಿಂದ ಯಾರೋ ಉಸಿರಾಡಿದ ಸದ್ದು. ಅಯ್ಯೋ, ಅವನೇ! ಅವಳಿಗೆ ಭಯವಾಯಿತು, ಸಿಟ್ಟು ಬಂತು, ಅವನ ಮೇಲೆ ಪ್ರೀತಿ ಉಕ್ಕಿತು, ಮೂರೂ ಒಟ್ಟಿಗೇ. ಒಡಪೂ ಮರೆತುಹೋಯಿತು, ಮರ್ಯಾದೆಯೂ ಮರೆತುಹೋಯಿತು.

"ಮಾಳಿಂಗಾ!" ಎಂದು ಕೂಗಿದಳು. "ಎಲ್ಲಿ ಹಾಳಾಗಿ ಹೋದೆಯೋ? ನಂಗ ನೀ ಬೇಕು, ಬಾರೋ!"

ಹಾಲ್ಗೆರೆಯಲ್ಲಿ ಯಾವ ಹೆಂಡತಿಯೂ ಗಂಡನನ್ನು ಹಾಗೆ ಕರೆದಿರಲಿಲ್ಲ. ಒಂದು ಇಟ್ಟಿಗೆ ಸಡಿಲಿ, ಮಾಳಿಂಗ ಎಂಬ ಗಂಡಸಾಗಿ ಹೊರಗೆ ಕಾಲಿಟ್ಟಿತು. ಒಂದು ಕಳಚಿದ ಮೇಲೆ ಅರಮನೆ ನಿಲ್ಲುತ್ತದೆಯೇ? ಉಳಿದ ಆರು ಮದುವಣಿಗರೂ ಹೊರಬಂದರು. ಸಾವಿರ ಸಾವಿರ ಮಾತುಗಳು ಗುಂಯ್ ಎಂದು ಹಾರಿ ತಮ್ಮ ತಮ್ಮ ಬಾಯಿಗೆ ಮರಳಿದವು. ಗೊರವಂಕಗಳು ಬರಿಯ ಕಟ್ಟಿಗೆಯಾದವು.

ಕಂಡಾಳನ ಬಾಯಲ್ಲಿ ಏನೂ ಉಳಿಯಲಿಲ್ಲ. ಪಾಪ, ಅವನದು ಅಂತ ಒಂದು ಮಾತೂ ಇರಲಿಲ್ಲ. ಚಿನ್ನವ್ವ ಅವನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಮೊದಲು "ನೀರು" ಅನ್ನುವುದನ್ನು ಕಲಿಸಿದಳು, ಆಮೇಲೆ "ಹಸಿವು". ರಾಜ ಒಂದು ನ್ಯಾಯಕ್ಕೆ ಮೂರು ದಿನ ತಲೆ ಕೆರೆದುಕೊಂಡ, ತಪ್ಪು ಹೇಳಿದ, ತಿದ್ದಿಕೊಂಡ. ಊರೆಲ್ಲ ಗಲಾಟೆಯೋ ಗಲಾಟೆ.

ಒಂದು ದಿನ ನಿಂಬೆವ್ವ ಗಂಡನನ್ನು ಕೇಳಿದಳು: "ಅಷ್ಟು ಚೆಂದದ ಒಡಪಿಗೆ ಕರಗಿ ಹೋದ್ರಿ. ನಾ ಬೈದರೆ ಹೆಂಗ ಬಂದ್ರಿ?"

ಮಾಳಿಂಗ ಯೋಚಿಸಿ ಹೇಳಿದ: "ಆ ಒಡಪಿನಾಗ ನನ್ನ ಹೆಸರು ಇತ್ತು, ಕರೆಯೋರು ಯಾರೂ ಇರಲಿಲ್ಲ."

ಹೀಗೆ ಅವರು ಮಾತಾಡುತ್ತ, ತಪ್ಪುತ್ತ, ನಗುತ್ತ ಬಹುಕಾಲ ಸುಖವಾಗಿದ್ದರು. ಕೇಳಿದ ನೀವೂ ಹಾಗೇ ಇರಿ.