ಗ್ಲಾಸಿನಾಚೆಯ ಕೈ

ನಾವು ಒಳಗೆ ಕಾಲಿಟ್ಟಾಗಲೂ ಕ್ಯಾಮೆರಾ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇತ್ತು. ಸದ್ದಿಲ್ಲ. ಒಂದು ಕೆಂಪು ಚುಕ್ಕಿ ಮಿನುಗಿತು, ಆರಿತು. ಐದು ನಿಮಿಷಕ್ಕೊಂದು ಫೋಟೋ. ಪಕ್ಕದ ಗಾಲಿಕುರ್ಚಿಯಲ್ಲಿ ಅದರ ಒಡತಿ ಕತ್ತು ವಾಲಿಸಿ ಕೂತಿದ್ದರು. ಜೊಂಪು ಹತ್ತಿದವರ ಹಾಗೇ ಕಾಣುತ್ತಿದ್ದರು. ಮೈ ಮಾತ್ರ ತಣ್ಣಗಾಗಿತ್ತು.

ನಾನು ಹೆಡ್ ಕಾನ್‌ಸ್ಟೆಬಲ್. ಇಪ್ಪತ್ತಾರು ವರ್ಷದ ಸರ್ವೀಸು. ಹೆಣ ಕಂಡು ಬೆಚ್ಚುವ ಕಾಲ ಹೋಗಿ ಬಹಳ ದಿನವಾಯಿತು. ಆದರೂ ಆ ಕೆಂಪು ಚುಕ್ಕಿಯನ್ನು ನೋಡಲಾಗಲಿಲ್ಲ. ಆರಿಸಲು ಹೋದೆ.

"ಮುಟ್ಟಬೇಡ್ರೀ," ಅಂದರು ಇನ್ಸ್‌ಪೆಕ್ಟರ್ ಮೇಡಂ.

ಅದು ಊಟದ ಕೋಣೆ. ಆದರೆ ಅಲ್ಲಿ ಯಾರೂ ಊಟ ಮಾಡಿ ವರ್ಷಗಳೇ ಆಗಿದ್ದವು. ಮೇಜಿನ ಮೇಲೆ ನೀರು ತುಂಬಿದ ಒಂದೇ ಒಂದು ಗಾಜಿನ ಗ್ಲಾಸು. ಕ್ಯಾಮೆರಾ ನೋಡುತ್ತಿದ್ದದ್ದು ಅದನ್ನೇ. ಗ್ಲಾಸಿನಾಚೆ ನಾಲ್ಕು ಹೆಜ್ಜೆ ದೂರದಲ್ಲಿ ಔಷಧಿಯ ಸಣ್ಣ ಮೇಜು. ಕಪಾಟಿನ ತುಂಬ ಬಾಟಲಿ, ಹೂಜಿ, ಗಾಜಿನ ಗೋಲಿ, ಮುರಿದ ಪಟ್ಟಕ. ಬೆಳಕು ಗಾಜಿಗೆ ನುಗ್ಗಿ ಬಾಗುವುದನ್ನು ಫೋಟೋದಲ್ಲಿ ಹಿಡಿಯುವುದೇ ಕುರ್ಚಿಯಲ್ಲಿ ತೀರಿಹೋಗಿದ್ದ ಅಕ್ಕನ ಕಸುಬಾಗಿತ್ತು. ಹನ್ನೊಂದು ವರ್ಷದ ಹಿಂದೆ ಕಾಲು ಸ್ವಾಧೀನ ತಪ್ಪಿತು. ಅಂದಿನಿಂದ ಈ ಮೇಜೇ ಅವರ ಪ್ರಪಂಚ.

ಅವರಿಗೆ ಕೈಕಾಲು ಎಲ್ಲಾ ಜೊತೆಗಿದ್ದ ತಂಗಿಯೇ. ಐವತ್ತರ ಆಸುಪಾಸು, ತುಂಬಿದ ಮೈ. ಬಲ ಮಣಿಕಟ್ಟಿಗೆ ಬಿಳಿ ಪಟ್ಟಿ ಸುತ್ತಿಕೊಂಡಿದ್ದರು.

"ಐದು ಗಂಟೆಗೆ ಟೀ ಹಿಡ್ಕೊಂಡು ಬಂದೆ. ಅಕ್ಕಾ ಅಂದೆ. ಏಳಲೇ ಇಲ್ಲ," ಅಂದರು. ಟೀ ಇನ್ನೂ ಮೇಜಿನ ಮೇಲಿತ್ತು. ಕೆನೆ ಕಟ್ಟಿತ್ತು.

ಮೇಡಂ ಗೋಡೆಯ ಮೇಲಿದ್ದ ಒಂದು ಫೋಟೋದ ಮುಂದೆ ನಿಂತಿದ್ದರು. ಎರಡು ಕಾಗದದ ಮೀನು. ಒಂದು ಬಯಲಲ್ಲಿ, ಇನ್ನೊಂದು ನೀರಿನ ಗ್ಲಾಸಿನ ಹಿಂದೆ. ಮುಖಾಮುಖಿಯಾಗಿದ್ದವು.

"ಜಗಳಕ್ಕೆ ನಿಂತಿವೆಯಾ?"

"ಇಲ್ಲ, ಎರಡೂ ಒಂದೇ ಕಡೆ ಹೊರಟಿದ್ವು..." ತಂಗಿ ಅಷ್ಟಕ್ಕೇ ನಿಲ್ಲಿಸಿದರು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಆಮೇಲೆ ಕ್ಯಾಮೆರಾ ಕಡೆ ಕೈ ತೋರಿಸಿದರು. "ಅದರಲ್ಲಿ ಏನೋ ಇದೆ ಮೇಡಂ. ನಾನು ಈಗಷ್ಟೇ ನೋಡಿದೆ."

\* \* \*

ಮಧ್ಯಾಹ್ನ ಒಂದು ಐವತ್ತರ ಫೋಟೋ. ಚೌಕಟ್ಟಿನ ತುಂಬ ಗ್ಲಾಸೇ. ಅದರೊಳಗೆ ಕಡ್ಡಿಯಂಥ ಒಂದು ಆಕಾರ, ಔಷಧಿ ಮೇಜಿನ ಹಿಂದೆ, ಈ ಕಡೆ ಮುಖ ಮಾಡಿ ನಿಂತಿದೆ. ಕಪ್ಪು ನಿಲುವಂಗಿ, ಕಪ್ಪು ಟೋಪಿ. ಮುಖ ಬರೀ ಒಂದು ಗೆರೆ. ಒಂದು ಕೈಯಲ್ಲಿ ಬಿಳಿ ಪಿಂಗಾಣಿ ಬಟ್ಟಲು, ಇನ್ನೊಂದರಲ್ಲಿ ಕಂದು ಬಾಟಲಿ. ಬಾಟಲಿ ಬಗ್ಗಿಸಿ ಹನಿ ಹಾಕುತ್ತಿದೆ. ಆ ಮಣಿಕಟ್ಟಿನ ಹತ್ತಿರ ಒಂದು ಬಿಳಿ ಚೂರು. ಮಿಕ್ಕ ಫೋಟೋಗಳಲ್ಲಿ ಆ ಮೇಜಿನ ಹತ್ತಿರ ಯಾರೂ ಇರಲಿಲ್ಲ.

ಕಪ್ಪು ಬಟ್ಟೆ ಯಾರದಾದರೂ ಆಗಬಹುದಿತ್ತು. ಬಣ್ಣದ ಬಟ್ಟೆ ಗಾಜಿನಲ್ಲಿ ಹೊಳೆಯುತ್ತದೆಂದು ಆ ಕೋಣೆಗೆ ಕಾಲಿಡುವವರೆಲ್ಲ ಬಾಗಿಲ ಹಿಂದಿನ ನಿಲುವಂಗಿ, ಟೋಪಿ ಹಾಕಿಕೊಳ್ಳಲೇಬೇಕು. ಅಕ್ಕನ ಕಟ್ಟಪ್ಪಣೆ.

"ಹನಿ ಹಾಕ್ತಿರೋದು ಎಡಗೈಲಿ," ಅಂದರು ತಂಗಿ ಮೆಲ್ಲಗೆ. "ಆ ಹುಡುಗಿ ಎಡಚಿ."

ಆ ಹುಡುಗಿ ಅಂದರೆ ನರ್ಸ್. ಎರಡು ತಿಂಗಳಿಂದ ಬರುತ್ತಿದ್ದಳು. ಬಡಕಲು ಮೈ, ಗಾಳಿ ಬೀಸಿದರೆ ಹಾರಿಹೋಗುವ ಹಾಗೆ.

ಮರುದಿನ ಆಸ್ಪತ್ರೆಯ ವರದಿ ಬಂತು. ನಿದ್ದೆಯ ಹನಿ ಮಿತಿ ಮೀರಿ ಹೊಟ್ಟೆ ಸೇರಿದೆ. ದುರ್ಬಲ ಹೃದಯ ತಡೆದುಕೊಳ್ಳಲಿಲ್ಲ. ಬಾಟಲಿಯ ಮೇಲೆ ತಂಗಿ, ನರ್ಸ್ ಇಬ್ಬರ ಬೆರಳಚ್ಚೂ ಇದ್ದವು. ದಿನಾ ಇಬ್ಬರೂ ಮುಟ್ಟುವ ಬಾಟಲಿ ಅದು.

ನಾನೇ ಹೋಗಿ ನರ್ಸನ್ನು ಕರೆತಂದೆ. ಮನೆಯಲ್ಲಿ ಎರಡು ವರ್ಷದ ಮಗಳಿಗೆ ತುತ್ತು ತಿನ್ನಿಸುತ್ತಿದ್ದಳು. ತಟ್ಟೆಯನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು ಬಂದಳು.

"ನಾನು ಹಾಕಿದ್ದು ಹತ್ತೇ ಹನಿ ಸಾರ್. ಎರಡು ಗಂಟೆ ಆದ ಮೇಲೆ. ಹಣ್ಣಿನ ರಸ ಮೊದಲೇ ಬಟ್ಟಲಲ್ಲಿತ್ತು."

"ಮತ್ತೆ ಒಂದು ಐವತ್ತಕ್ಕೆ?"

"ಆಗ ಅಡುಗೆಮನೇಲಿ ನೀರು ಕಾಯಿಸ್ತಿದ್ದೆ."

"ನೋಡಿದವರು?"

ಇಲ್ಲ. ತಂಗಿ ಮಹಡಿಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದರಂತೆ.

ಸಹಿ ಹಾಕು ಅಂದೆ. ಎಡಗೈಯಲ್ಲಿ ಹಾಕಿದಳು. ನನಗೆ ಇನ್ನೇನು ಬೇಕಿತ್ತು?

\* \* \*

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಮೇಡಂ?" ಅಂದೆ. ಫೈಲು ಹಿಡಿದು ಅವರ ಮೇಜಿನ ಎದುರು ನಿಂತಿದ್ದೆ. "ಎಡಗೈ, ಬಡಕಲು ಮೈ. ಆ ಬಿಳಿ ಚೂರು ಕೈಗವಸಿನ ಅಂಚು. ಮುಗೀತಲ್ಲ."

"ಯಾಕೆ ಕೊಲ್ಲಬೇಕಿತ್ತು?"

"ಅದು ಅವಳಿಗೇ ಗೊತ್ತು."

ಮೇಡಂ ನೀರು ಕುಡಿಯಲು ಗ್ಲಾಸು ಎತ್ತಿದವರು ಮುಖದೆದುರಿಗೇ ಹಿಡಿದು ಹಾಗೇ ಕೂತುಬಿಟ್ಟರು. ಗ್ಲಾಸನ್ನು ಮೇಜಿನ ಮೇಲಿಟ್ಟರು. ಬಗ್ಗಿದರು.

"ಅಲ್ಲೇ ನಿಲ್ಲಿ. ಸ್ವಲ್ಪ ಹಿಂದೆ. ಬಲಗೈ ಎತ್ತಿ."

ಎತ್ತಿದೆ.

"ಇದರಲ್ಲಿ ನೀವೆಷ್ಟು ಸಣ್ಣಗಿದ್ದೀರಿ ಗೊತ್ತಾ?"

"ಮದುವೆ ದಿನಾನೂ ನಾನು ಸಣ್ಣಗಿರಲಿಲ್ಲ ಮೇಡಂ."

ಅವರು ನಗಲಿಲ್ಲ. ನನ್ನನ್ನು ತಮ್ಮ ಕುರ್ಚಿಗೆ ಕರೆದು ತಾವು ಹೋಗಿ ಆಚೆ ನಿಂತರು. ನಾನು ಬಗ್ಗಿ ನೋಡಿದೆ. ನೀರಿನ ಗ್ಲಾಸಿನೊಳಗೆ ಮೇಡಂ ಕಡ್ಡಿಯಾಗಿದ್ದರು. ತಲೆ ಮೇಲೇ ಇತ್ತು, ಕಾಲು ಕೆಳಗೇ ಇತ್ತು. ಆದರೆ ಎಡಕ್ಕಿದ್ದ ಬಾಗಿಲು ಬಲಕ್ಕೆ ಹೋಗಿತ್ತು. ಅವರು ಬಲಗೈ ಎತ್ತಿದರು. ಗ್ಲಾಸಿನಲ್ಲಿ ಎಡಗೈ ಎದ್ದಿತು.

ಫೈಲು ತೆರೆದು ಆ ಫೋಟೋವನ್ನು ಇನ್ನೊಮ್ಮೆ ನೋಡಿದೆ.

"ತಲೆಕೆಳಗಾಗಿದ್ರೆ ನಮಗೆ ಅವತ್ತೇ ಅನುಮಾನ ಬರ್ತಿತ್ತು," ಅಂದರು ಮೇಡಂ. "ನೆಟ್ಟಗೆ ನಿಂತಿದೆ, ಅದಕ್ಕೇ ನಂಬಿದ್ವಿ. ಎಡ ಬಲ ಅದಲುಬದಲಾಗಿದ್ದು ಕಣ್ಣಿಗೆ ಬೀಳಲಿಲ್ಲ. ಆ ಮೀನುಗಳು ಜಗಳ ಆಡ್ತಿರಲಿಲ್ಲ ಕಣ್ರೀ. ಒಂದೇ ಕಡೆ ಹೊರಟಿದ್ವು. ಗ್ಲಾಸು ಒಂದನ್ನ ತಿರುಗಿಸಿತು."

ಆ ಮಗುವಿನ ತಟ್ಟೆ ಕಣ್ಣ ಮುಂದೆ ಬಂತು.

\* \* \*

ಮರುದಿನ ಮಧ್ಯಾಹ್ನ ಮತ್ತೆ ಅದೇ ಕೋಣೆ. ನರ್ಸನ್ನೂ ಕರೆದುಕೊಂಡು ಹೋಗಿದ್ದೆವು. ಅವಳು ಮೂಲೆಯ ಸ್ಟೂಲಿನ ಮೇಲೆ ಕೂತಳು. ತಂಗಿ ಅವಳತ್ತ ನೋಡಲಿಲ್ಲ.

"ಹೋಲಿಸಿ ತೋರಿಸೋಕೆ ರಿಪೋರ್ಟಿಗೆ ಬಲಗೈಯವರದೂ ಅಂಥ ಒಂದು ಫೋಟೋ ಬೇಕು," ಅಂದರು ಮೇಡಂ. "ಗ್ಲಾಸು ಇಡೋದು ನಮಗೆ ಬರಲ್ಲ. ನೀವೇ ಇಟ್ಟುಕೊಡಬೇಕು."

ತಂಗಿಯ ಮುಖದಲ್ಲಿ ಮೊದಲ ಸಲ ಜೀವ ಬಂತು. ಗ್ಲಾಸನ್ನು ಬಟ್ಟೆಯಿಂದ ಒರೆಸಿದರು. ಬೆಳಕಿಗೆ ಹಿಡಿದರು. ಇನ್ನೊಮ್ಮೆ ಒರೆಸಿದರು. ಜಗ್ಗಿನಿಂದ ನೀರು ಸುರಿಯುವಾಗ ಮಣಿಕಟ್ಟು ನೋಯಿತೇನೋ, ತುಟಿ ಕಚ್ಚಿಕೊಂಡರು. ಒಂದು ಹನಿಯೂ ಆಚೆ ಬೀಳಲಿಲ್ಲ. ಬಗ್ಗಿ, ಕೂದಲೆಳೆಯಷ್ಟು ಎಡಕ್ಕೆ ಸರಿಸಿದರು.

ನಾನು ಕಪ್ಪು ನಿಲುವಂಗಿ ತೊಟ್ಟು ಔಷಧಿ ಮೇಜಿನ ಹಿಂದೆ ನಿಂತೆ. ಗುಂಡಿ ಹಾಕಲು ಹೊಟ್ಟೆ ಬಿಡಲಿಲ್ಲ. ಬಲಗೈಯಲ್ಲಿ ಬಾಟಲಿ, ಎಡಗೈಯಲ್ಲಿ ಬಟ್ಟಲು.

ಮೇಡಂ ಕ್ಯಾಮೆರಾದಲ್ಲಿ ಇಣುಕಿದರು. "ಛೇ, ಬರ್ತಿಲ್ಲ. ಇವರು ಬಲಗೈಲಿ ಬಾಟಲಿ ಹಿಡಿದ ಹಾಗೆ ಕಾಣಬೇಕಲ್ಲ."

ತಂಗಿ ಗ್ಲಾಸಿನ ಅಂಚು ಒರೆಸುತ್ತಿದ್ದರು. ತಲೆ ಎತ್ತಲೇ ಇಲ್ಲ. "ಹಾಗಾದ್ರೆ ಎಡಗೈಗೆ ತಗೊಳ್ಳೋಕೆ ಹೇಳಿ. ಗ್ಲಾಸು ತಿರುಗಿಸಿ ತೋ..."

ಒರೆಸುವ ಕೈ ನಿಂತಿತು.

ಮೂಲೆಯಲ್ಲಿ ನರ್ಸ್ ನಿಧಾನವಾಗಿ ಎದ್ದು ನಿಂತಳು.

"ಹನ್ನೊಂದು ವರ್ಷ ಗ್ಲಾಸು ಇಟ್ಟವರು ನೀವು," ಅಂದರು ಮೇಡಂ. ಗದರಲಿಲ್ಲ, ಸಮಾಧಾನದಿಂದಲೇ ಹೇಳಿದರು. "ಆ ಫೋಟೋ ನೋಡಿದ ತಕ್ಷಣ ನಿಮಗೆ ಬಲಗೈ ಅಂತ ಗೊತ್ತಾಗಿತ್ತು. ಆದರೂ ಎಡಗೈ ಅಂದಿರಿ. ಗ್ಲಾಸಿನಲ್ಲಿ ಎಂಥವರೂ ಕಡ್ಡಿ ಆಗ್ತಾರೆ, ಅದೂ ಗೊತ್ತಿತ್ತು. ಆ ಬಿಳಿ ಚೂರು ಕೈಗವಸಲ್ಲ. ನಿಮ್ಮ ಮಣಿಕಟ್ಟಿನ ಪಟ್ಟಿ."

ತಂಗಿ ಆ ಪಟ್ಟಿಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡರು. ಆಮೇಲೆ ಬಿಟ್ಟರು.

"ಸಾಯಲಿ ಅಂತ ಹಾಕಿದ್ದಲ್ಲ," ಅಂದರು. "ಸಂಜೆವರೆಗೂ ಏಳದೆ ಮಲಗಲಿ. ಡಾಕ್ಟರು ಬರಲಿ. ಈ ಹುಡುಗಿ ಜಾಸ್ತಿ ಹಾಕಿದಾಳೆ ಅಂತ ಇವಳನ್ನ ಬಿಡಿಸಲಿ. ಅಷ್ಟೇ. ಅಷ್ಟೇ ಅಂದ್ಕೊಂಡಿದ್ದೆ."

"ಕ್ಯಾಮೆರಾ?"

"ಮಲಗೋವಾಗ ಅಕ್ಕ ಯಾವತ್ತೂ ಆರಿಸ್ತಿದ್ದಳು. ಅವತ್ತು ಯಾಕೋ ಬಿಟ್ಟಿದ್ದಳು. ಔಷಧಿಗೆ ಕಾಯ್ತಾ ಕಣ್ಣು ಮುಚ್ಚಿ ಕೂತಿದ್ದಳು, ನಾನು ಹಾಕಿದ್ದು ನೋಡಲಿಲ್ಲ."

"ಈ ಹುಡುಗಿ ಏನು ಮಾಡಿದ್ದಳು ನಿಮಗೆ?"

"ಮೂರು ದಿನದ ಹಿಂದೆ ಅಕ್ಕ ಅಂದಳು, ನಾಳೆಯಿಂದ ನೀನು ಗ್ಲಾಸು ಮುಟ್ಟಬೇಡ, ಇವಳು ಇಡ್ತಾಳೆ ಅಂತ." ಮೇಜಿನ ಅಂಚು ಹಿಡಿದುಕೊಂಡರು. "ಕಣ್ಣು ನಂದು, ಕೈ ನಿಂದು ಅಂತಿದ್ದಳು ಮೇಡಂ. ಎಲ್ಲರ ಮುಂದೇನೂ ಅಂತಿದ್ದಳು. ಆ ಕೈಯೂ ಬೇಡ ಅಂದ್ರೆ ನಾನು ಈ ಮನೇಲಿ ಯಾರು?"

ಮೇಡಂ ಚೀಲದಿಂದ ಒಂದು ನೋಟ್‌ಬುಕ್ ತೆಗೆದರು. ಅಕ್ಕನದು. ಯಾವ ದಿನ ಯಾವ ಗ್ಲಾಸು, ಎಷ್ಟು ನೀರು, ಬೆಳಕು ಎಲ್ಲಿಂದ ಬಂತು ಎಂದು ಗೀಚಿಟ್ಟ ಪುಸ್ತಕ. ಗಾಲಿಕುರ್ಚಿಯ ಜೇಬಿನಲ್ಲಿ ಸಿಕ್ಕಿತ್ತು. ಓದಬೇಕೋ ಬೇಡವೋ ಎಂದು ಮೇಡಂ ಒಂದು ಗಳಿಗೆ ಯೋಚಿಸಿದರು. ನನಗಾಗಿದ್ದರೆ ಓದಲು ಆಗುತ್ತಿರಲಿಲ್ಲ. ಅವರು ಕೊನೆಯ ಪುಟ ಓದಿದರು.

"'ಇವಳ ಮಣಿಕಟ್ಟು ಊದಿದೆ. ಕೇಳಿದರೆ ಏನಿಲ್ಲ ಅನ್ನುತ್ತಾಳೆ, ಹಠಮಾರಿ. ಜಗ್ಗು ಎತ್ತುವ ಕೆಲಸ ನರ್ಸಿಗೆ ಕಲಿಸಬೇಕು. ಇವಳನ್ನು ಕ್ಯಾಮೆರಾ ಹಿಂದೆ ಕೂರಿಸಬೇಕು. ಇಷ್ಟು ವರ್ಷ ನೋಡಿದ್ದಾಳೆ, ನನಗಿಂತ ಚೆನ್ನಾಗಿ ತೆಗೆಯುತ್ತಾಳೆ. ಬಾಯಿಬಿಟ್ಟು ಹೇಳಿದರೆ ತಲೆಗೇರುತ್ತೆ. ಇವತ್ತು ಐದು ನಿಮಿಷಕ್ಕೊಂದು ಫೋಟೋ ಇಟ್ಟು ಮಲಗುತ್ತೇನೆ. ನಾಳೆ ಕೂತು, ಬೆಳಕು ಹೇಗೆ ಸರಿಯುತ್ತೆ ಅಂತ ಇವಳಿಗೆ ತೋರಿಸಬೇಕು.'"

ತಂಗಿ ಅಳಲಿಲ್ಲ. ಗಾಲಿಕುರ್ಚಿಯ ಕಡೆ ತಿರುಗಿದರು.

"ಹೇಳಬಾರದಿತ್ತಾ ಅಕ್ಕ," ಅಂದರು. "ತಲೆಗೇರಿದ್ರೆ ಏರಲಿ ಅಂತ ಒಂದು ಮಾತು ಹೇಳಬಾರದಿತ್ತಾ."

ಹೊರಡುವ ಹೊತ್ತಾಯಿತು. ನಾನು ಬಾಗಿಲ ಹತ್ತಿರ ಹೋದೆ. ಅವರು ಬರಲಿಲ್ಲ. ಹಳೆಯ ಅಭ್ಯಾಸ, ಕೆಲಸ ಮುಗಿದ ಮೇಲೆ ಮೇಜು ಹಾಗೇ ಬಿಡುವವರಲ್ಲ. ಗ್ಲಾಸಿನ ನೀರನ್ನು ಜಗ್ಗಿಗೆ ಸುರಿದರು. ತುಂಬಿದ ಜಗ್ಗನ್ನು ಎತ್ತಲು ಹೋದರು. ಮಣಿಕಟ್ಟು ಕೇಳಲಿಲ್ಲ. ಜಗ್ಗು ಅಲುಗಾಡಿ ನೀರು ಮೇಜಿನ ಮೇಲೆ ಚೆಲ್ಲಿತು.

ನರ್ಸ್ ಬಂದು ಎಡಗೈ ಚಾಚಿದಳು.

"ಕೊಡಿ ಚಿಕ್ಕಮ್ಮ. ನಾನು ಇಡ್ತೀನಿ."

ತಂಗಿ ಅವಳ ಮುಖವನ್ನೇ ನೋಡಿದರು. ಆಮೇಲೆ ಜಗ್ಗನ್ನು ಅವಳ ಕೈಗೆ ಕೊಟ್ಟರು.